ಹಳೆಯ ವಸ್ತುಗಳೂ ಹರಾಜೂ



ಹರಾಜೆಂಬ ಮಾತು ನಮ್ಮ ಕಿವಿಗೆ ಅಷ್ಟೇನೂ ಇಂಪಾದುದಲ್ಲ. ಸಾಲ ತೀರಿಸಲಾರದವನ ಮನೆ, ಕಂದಾಯ ಕಟ್ಟಲಾರದವನ ಹೊಲ, ಮಾಲೀಕರು ಬಿಡಿಸಿಕೊಳ್ಳದ ಒಡವೆ, ಇವೇ ನಮ್ಮಲ್ಲಿ ಹೆಚ್ಚಾಗಿ ಹರಾಜಿಗೆ ಬರುವ ಪದಾರ್ಥಗಳು. ಒಬ್ಬನ ಮಾನ ಹರಾಜಾಯಿತೆಂದು ಆಡಿಕೊಳ್ಳುವುದೂ ಉಂಟು. ಆದರೆ ಇನ್ನೊಂದು ಬಗೆಯ ಹರಾಜು ಇದೆ. ಅಲ್ಲಿಗೆ ಬರುವವು ಹಳೆಯ ಮೇಜು ಕುರ್ಚಿಗಳು, ಹಳೆಯ ಅಚ್ಚಿನ ಚಿತ್ರಗಳು, ಹಳೆಯ ಪುಸ್ತಕಗಳು. ಅವುಗಳನ್ನು ಕೊಳ್ಳುವವರು ಸೋವಿಯ ಆಸೆಯಿಂದ ಬಂದವರಲ್ಲ. ಹಳಮೆಯೇ ಬೇಕೆಂದು ಬಂದವರು. ಆ ಹರಾಜಿನ ರೀತಿ ಏನು, ಅದರಿಂದ ಹಳೆಯ ವಸ್ತುಗಳಿಗೆ ಆಗುವ ಲಾಭವೇನು, ಹಾನಿಯೇನು ಎಂಬುದನ್ನು ಈ ಹೊತ್ತು ಸ್ವಲ್ಪ ವಿಚಾರ ಮಾಡೋಣ. ನಮ್ಮ ಮೈಸೂರು ಸೀಮೆಗೆ ಈ ವಿಷಯ ದೂರದ್ದೇನೂ ಅಲ್ಲ. ಇಲ್ಲಿಂದ ಹೋದ ಪದಾರ್ಥಗಳು ಇನ್ನೂರು ವರ್ಷಗಳ ಮೇಲೆಯೂ ಲಂಡನ್ನಿನ ಹರಾಜುಕಟ್ಟೆಯನ್ನು ಹತ್ತಿ ಇಳಿಯುತ್ತಲೇ ಇವೆ.

ಮೊದಲು ಹರಾಜಿನ ಕ್ರಮವನ್ನು ನೋಡಬಹುದು. ಈ ವ್ಯಾಪಾರಕ್ಕೆ ಪುಸ್ತಕಗಳ ನಂಟು ಹಳೆಯದು. 1744ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ಬೇಕರ್ ಎಂಬ ಪುಸ್ತಕ ವ್ಯಾಪಾರಿ ಒಬ್ಬ ಶ್ರೀಮಂತನ ಗ್ರಂಥಭಂಡಾರವನ್ನು ಹರಾಜಿಗಿಟ್ಟನು. ಇಂದಿನ ಸಾದಬೀಸ್ ಸಂಸ್ಥೆ ಬೆಳೆದುದು ಆ ಬೀಜದಿಂದ. ಕ್ರಿಸ್ಟೀಸ್ ಸಂಸ್ಥೆ 1766ರಲ್ಲಿಯೂ ಬಾನಮ್ಸ್ ಸಂಸ್ಥೆ 1793ರಲ್ಲಿಯೂ ಹುಟ್ಟಿದುವು. ಇಂಥ ಸಂಸ್ಥೆಗಳು ಮಾರಾಟಕ್ಕೆ ಮುಂಚೆ ಒಂದು ಪಟ್ಟಿಯನ್ನು ಅಚ್ಚುಹಾಕಿಸುತ್ತವೆ. ಪಟ್ಟಿಯಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ಸಂಖ್ಯೆ, ಒಂದು ವರ್ಣನೆ, ಬರಬಹುದಾದ ಬೆಲೆಯ ಒಂದು ಅಂದಾಜು ಇರುತ್ತದೆ. ಇದಕ್ಕಿಂತ ಕಡಿಮೆಗೆ ಕೊಡೆನೆಂದು ಒಡೆಯನು ಗುಟ್ಟಾಗಿ ತಿಳಿಸಿರುವ ಕನಿಷ್ಠ ಬೆಲೆಯೂ ಒಂದಿರಬಹುದು. ಸವಾಲು ಏರುತ್ತ ಹೋಗಿ, ಮತ್ತೊಬ್ಬರು ಏರಿಸದಿದ್ದಾಗ ಕೊಡತಿ ಬೀಳುತ್ತದೆ. ಆದರೆ ಕೊಡತಿ ಬಿದ್ದ ಬೆಲೆಯೇ ಕೊಳ್ಳುವವನು ಕೊಡುವ ಬೆಲೆಯಲ್ಲ. ಲಂಡನ್ನಿನ ದೊಡ್ಡ ಸಂಸ್ಥೆಗಳು 1975ರಿಂದ ಮಾರುವವನಿಂದ ಮಾತ್ರವಲ್ಲದೆ ಕೊಳ್ಳುವವನಿಂದಲೂ ಕಮಿಷನ್ ಪಡೆಯುತ್ತ ಬಂದಿವೆ. ಇದನ್ನು ಮರೆತು ಸವಾಲು ಕೂಗಿದವನು ಲೆಕ್ಕದ ಚೀಟಿ ಕೈಗೆ ಬಂದಾಗ ಬೆಚ್ಚಬೇಕಾಗುತ್ತದೆ.

ಇಲ್ಲಿ ಬೆಲೆ ಕಟ್ಟುವವರು ಯಾರು? ಒಬ್ಬನೇ ಆಸೆಪಟ್ಟರೆ ಬೆಲೆ ಏರುವುದಿಲ್ಲ. ಇಬ್ಬರು ಆಸೆಪಟ್ಟರೆ ಎಲ್ಲಿಗೆ ಬೇಕಾದರೂ ಏರುತ್ತದೆ. ಆದುದರಿಂದ ಹರಾಜಿನ ಬೆಲೆಯು ಆ ದಿನ ಆ ಇಬ್ಬರ ಹಟವನ್ನು ತಿಳಿಸೀತೇ ಹೊರತು ವಸ್ತುವಿನ ಯೋಗ್ಯತೆಯನ್ನು ತಿಳಿಸಲೇಬೇಕೆಂದೇನೂ ಇಲ್ಲ. ಯೋಗ್ಯತೆಯನ್ನು ಅರಿಯಬೇಕಾದರೆ ವಸ್ತುವನ್ನೇ ಕೈಯಲ್ಲಿ ಹಿಡಿದು ನೋಡಬೇಕು. ಅದು ಎಲ್ಲಿಂದ ಬಂದಿತು, ಯಾರ ಕೈ ದಾಟಿ ಬಂದಿತು, ಇಡಿಯಾಗಿ ಇದೆಯೇ ಎಂದು ಕೇಳಬೇಕು. ಈ ಕೊನೆಯ ಪ್ರಶ್ನೆ ಸಣ್ಣದಾಗಿ ಕಾಣುತ್ತದೆ. ಹಳೆಯ ವಸ್ತುಗಳ ಸುಖದುಃಖವೆಲ್ಲ ಅದರಲ್ಲಿಯೇ ಅಡಗಿದೆಯೆಂದು ತೋರಿಸುವುದು ಈ ಭಾಷಣದ ಉದ್ದೇಶ.

ಅಚ್ಚಿನ ಚಿತ್ರಗಳನ್ನು ಮೊದಲು ತೆಗೆದುಕೊಳ್ಳೋಣ. ಬೆಂಗಳೂರು ಮೈಸೂರುಗಳ ಎಷ್ಟೋ ಮನೆಗಳಲ್ಲಿಯೂ ಹೋಟೆಲುಗಳಲ್ಲಿಯೂ ಕಟ್ಟು ಹಾಕಿಸಿದ ಹಳೆಯ ಪಟಗಳನ್ನು ತಾವು ನೋಡಿರಬಹುದು: ಸಾವನದುರ್ಗದ ಬಂಡೆ, ಶಿವಗಂಗೆ, ಶ್ರೀರಂಗಪಟ್ಟಣದ ಕೋಟೆ, ಬೆಂಗಳೂರಿನಲ್ಲಿ ಟಿಪ್ಪು ಸುಲ್ತಾನನ ಅರಮನೆ. ಇವುಗಳಲ್ಲಿ ಬಹುಪಾಲು ಮೂರನೆಯ ಮೈಸೂರು ಯುದ್ಧದ ಫಲ. 1791ರಲ್ಲಿ ಕಾರನ್‌ವಾಲಿಸನ ಸೈನ್ಯವು ಈ ಸೀಮೆಯನ್ನು ಹೊಕ್ಕಾಗ ಅದರೊಡನೆ ರಾಬರ್ಟ್ ಹೋಮ್ ಎಂಬ ಚಿತ್ರಕಾರನಿದ್ದನು. ಚಿತ್ರ ಬರೆಯಬಲ್ಲ ಸೈನ್ಯಾಧಿಕಾರಿಗಳೂ ಇದ್ದರು. ಕೋಲ್‌ಬ್ರೂಕನು ಹನ್ನೆರಡು ನೋಟಗಳನ್ನು ಪ್ರಕಟಿಸಿದನು. ಹೋಮನ ಗ್ರಂಥವೂ ಅಲೆಕ್ಸಾಂಡರ್ ಅಲೆನ್ನನ ಗ್ರಂಥವೂ 1794ರಲ್ಲಿ ಲಂಡನ್ನಿನಲ್ಲಿ ಹೊರಬಂದುವು. ಫಿರಂಗಿದಳದ ಜೇಮ್ಸ್ ಹಂಟರನು 1792ರಲ್ಲಿಯೇ ತೀರಿಕೊಂಡನು. ಅವನು ಬರೆದಿದ್ದ ಚಿತ್ರಗಳು 40 ಬಣ್ಣದ ಪಟಗಳ ಗ್ರಂಥವಾಗಿ 1805ರಲ್ಲಿ ಬಂದುವು.

ಇಂಥ ಪಟಗಳನ್ನು ಮಾಡಿದ ಬಗೆ ತಿಳಿದಿದ್ದರೆ ನಿಜವಾದುದನ್ನೂ ನಕಲನ್ನೂ ಬೇರ್ಪಡಿಸುವುದು ಕೆಲಮಟ್ಟಿಗೆ ಸುಲಭ. ಒಂದು ಬಗೆಯಲ್ಲಿ ತಾಮ್ರದ ತಗಡಿನ ಮೇಲೆ ಉಳಿಯಿಂದ ಗೆರೆಗೆರೆಯಾಗಿ ಕೊರೆಯುತ್ತಾರೆ. ಅಕ್ವಾಟಿಂಟ್ ಎಂಬ ಇನ್ನೊಂದು ಬಗೆಯಲ್ಲಿ ತಗಡಿನ ಮೇಲೆ ರಾಳದ ಪುಡಿಯನ್ನು ಉದುರಿಸಿ, ಕಾಯಿಸಿ ಅಂಟಿಸಿ, ಆಮ್ಲದಲ್ಲಿ ಅದ್ದುತ್ತಾರೆ. ಪುಡಿಯ ಕಣಗಳ ನಡುವೆ ಆಮ್ಲವು ಲೋಹವನ್ನು ತಿನ್ನುತ್ತದೆ. ಅದರಿಂದ ನೀರುಬಣ್ಣದಂಥ ತಿಳಿನೆರಳು ಕಾಗದಕ್ಕೆ ಇಳಿಯುತ್ತದೆ. ಬಣ್ಣವನ್ನು ಕೈಯಿಂದ ತುಂಬುವುದೂ ವಾಡಿಕೆ. ಎರಡು ಬಗೆಯಲ್ಲಿಯೂ ತಗಡು ಒತ್ತಿದ ಗುರುತು ಚಿತ್ರದ ಸುತ್ತ ಸಣ್ಣ ತಗ್ಗಾಗಿ ಉಳಿಯುತ್ತದೆ. ಅಂಚನ್ನು ಕತ್ತರಿಸದೆ ಇದ್ದರೆ ಬೆರಳಿಗೆ ಅದು ತಿಳಿಯುತ್ತದೆ. ಕಾಗದವನ್ನು ಬೆಳಕಿಗೆ ಹಿಡಿದರೆ ತಯಾರಕನ ಹೆಸರಿನ ನೀರುಗುರುತು ಕಾಣಬಹುದು. 1794ರಿಂದೀಚಿನ ಇಂಗ್ಲಿಷ್ ಕಾಗದದಲ್ಲಿ ವರ್ಷವೂ ಅನೇಕ ವೇಳೆ ಕಾಣುತ್ತದೆ. ಭೂತಗನ್ನಡಿಯಲ್ಲಿ ನೋಡಿದಾಗ ಒಂದೇ ಅಳತೆಯ ಚುಕ್ಕೆಗಳು ಸಾಲುಸಾಲಾಗಿ ಕಂಡರೆ, ಅದು ಇತ್ತೀಚಿನ ಯಂತ್ರದ ಪ್ರತಿಯೇ ಸರಿ.

ಇಷ್ಟೆಲ್ಲ ಪರೀಕ್ಷೆ ಮಾಡಿ ಪಟ ನಿಜವಾದುದೆಂದು ತಿಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಗೋಡೆಯ ಮೇಲಿರುವ ಈ ಒಂದು ಹಾಳೆ ಒಂದು ಕಾಲದಲ್ಲಿ ಒಂದು ಪುಸ್ತಕದೊಳಗೆ ಇತ್ತಲ್ಲವೇ? ಆ ಪುಸ್ತಕ ಏನಾಯಿತು? ಅನೇಕ ಸಂದರ್ಭಗಳಲ್ಲಿ ಉತ್ತರ ಒಂದೇ: ಅದನ್ನು ಹರಿದರು. ಲೆಕ್ಕ ಬಹಳ ಸರಳವಾದುದು. ನಾಲ್ವತ್ತು ಪಟಗಳ ಒಂದು ಗ್ರಂಥಕ್ಕೆ ಒಬ್ಬ ವ್ಯಾಪಾರಿ ನೂರು ರೂಪಾಯಿ ಕೊಟ್ಟನೆಂದು ಇಟ್ಟುಕೊಳ್ಳಿ. ಹೊಲಿಗೆ ಬಿಚ್ಚಿ ಹಾಳೆಗೆ ಐದು ರೂಪಾಯಿಯಂತೆ ಮಾರಿದರೆ ಇನ್ನೂರಾಯಿತು. ಗ್ರಂಥವನ್ನು ಕೊಳ್ಳಬಲ್ಲವನು ಊರಿಗೊಬ್ಬ. ಪಟವನ್ನು ಕೊಳ್ಳಬಲ್ಲವರು ಬೀದಿಗೊಬ್ಬರು. ವಿವರಣೆ ಅಚ್ಚಾಗಿದ್ದ ಹಾಳೆಗಳನ್ನು ಕೊಳ್ಳುವವರಿಲ್ಲ. ಅವು ರದ್ದಿಗೆ ಹೋಗುತ್ತವೆ. ಹೋಮನ ಗ್ರಂಥದಲ್ಲಿ ನೋಟಗಳ ಜೊತೆಗೆ ಭೂಪಟಗಳೂ ಚರಿತ್ರೆಯ ವಿವರಣೆಗಳೂ ಇದ್ದುವು. ಚಿತ್ರವು ಕೋಟೆಯ ಯಾವ ಮಗ್ಗುಲನ್ನು ತೋರಿಸುತ್ತದೆ, ಅಲ್ಲಿ ನಡೆದುದೇನು ಎಂಬುದನ್ನು ಹೇಳುವ ಬಾಯಿ ಆ ಹಾಳೆಗಳಲ್ಲಿತ್ತು. ಬೆಂಗಳೂರಿನ ಕೋಟೆಯ ಬಹುಭಾಗ ಇಂದು ಉಳಿದಿಲ್ಲ. ಅದು ಹೇಗಿತ್ತೆಂದು ಹೇಳುವ ಸಾಕ್ಷಿಗಳಲ್ಲಿ ಈ ಪಟಗಳೂ ಸೇರಿವೆ. ಸಾಕ್ಷಿಯನ್ನು ಉಳಿಸಿಕೊಂಡು ಅವನ ನಾಲಗೆಯನ್ನು ಕತ್ತರಿಸಿದರೆ ಏನು ಪ್ರಯೋಜನ?

ಹಾಗೆಂದು, ಗೋಡೆಗೆ ಪಟ ಹಾಕಿಕೊಂಡವರೆಲ್ಲ ತಪ್ಪಿತಸ್ಥರೆಂದು ನಾನು ಹೇಳುವುದಿಲ್ಲ. ಎಂದೋ ಬಿಡಿಯಾದುದನ್ನು ಜೋಪಾನ ಮಾಡುವುದು ಒಳ್ಳೆಯದೇ. ಇಂದು ಇಡಿಯಾಗಿರುವುದನ್ನು ಬಿಡಿಮಾಡುವುದು ಮಾತ್ರ ಸಲ್ಲದು.

ಇನ್ನು ಪುಸ್ತಕ. ಹಳೆಯದಾದ ಮಾತ್ರಕ್ಕೆ ಪುಸ್ತಕಕ್ಕೆ ಬೆಲೆ ಬರುವುದಿಲ್ಲ. ನೂರು ವರ್ಷದ ಹಳೆಯ ಶಾಲಾಪುಸ್ತಕಗಳೂ ಧರ್ಮಬೋಧೆಗಳೂ ಹೇರಳವಾಗಿ ಸಿಕ್ಕುತ್ತವೆ. ಬೆಲೆ ತರುವವು ಮೊದಲನೆಯ ಮುದ್ರಣ, ಪ್ರತಿಗಳ ವಿರಳತೆ, ಪೂರ್ಣತೆ, ಒಳ್ಳೆಯ ಸ್ಥಿತಿ, ಮತ್ತು ಹಿಂದಿನ ಒಡೆಯರ ಗುರುತು. ಅನುಭವಶಾಲಿಯು ಪುಸ್ತಕವನ್ನು ಕೈಗೆತ್ತಿಕೊಂಡರೆ ಓದುವುದಕ್ಕೆ ಮುಂಚೆ ಎಣಿಸುತ್ತಾನೆ. ಪುಟಗಳು ಸರಿಯಾಗಿವೆಯೇ, ಪಟಗಳ ಪಟ್ಟಿಯಲ್ಲಿ ಹೇಳಿದಷ್ಟು ಪಟಗಳಿವೆಯೇ, ಹೆಸರಿನ ಪುಟ ಇದೆಯೇ ಎಂದು ನೋಡುತ್ತಾನೆ. ಡೇನಿಯಲ್ ಮನೆತನದ ಥಾಮಸ್ ಮತ್ತು ವಿಲಿಯಮ್ ಎಂಬ ಇಬ್ಬರು 1795ರಿಂದ 1808ರವರೆಗೆ ಭಾಗಭಾಗವಾಗಿ ಹೊರಡಿಸಿದ ಭಾರತದ ದೃಶ್ಯಗಳಲ್ಲಿ 144 ಪಟಗಳುಂಟು. ಒಂದು ಪಟ ತಪ್ಪಿದರೂ ಅದು ಪೂರ್ಣಪ್ರತಿಯಲ್ಲ.

ನಮ್ಮ ಭಾಷೆಯ ಪುಸ್ತಕಗಳಿಗೂ ಈ ಮಾತು ಸಲ್ಲುತ್ತದೆ. ಕೇರಿಯವರ ಕನ್ನಡ ವ್ಯಾಕರಣ ಶ್ರೀರಾಂಪುರದಲ್ಲಿ 1817ರಲ್ಲಿ ಅಚ್ಚಾಯಿತು. ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಬಂದಿತು. ಮಂಗಳೂರಿನಲ್ಲಿ ಮೋಗ್ಲಿಂಗ್ ಪಂಡಿತರು 1843ರಲ್ಲಿ ಕಲ್ಲಚ್ಚಿನಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿದರು. ಮುಂದೆ ಹಳಗನ್ನಡ ಕಾವ್ಯಗಳ ಒಂದು ಮಾಲೆಯನ್ನೇ ಪ್ರಕಟಿಸಿದರು. ಕಿಟ್ಟೆಲ್ ಅವರ ಮಹಾನಿಘಂಟು 1894ರದು. ಇವುಗಳ ಮೂಲಮುದ್ರಣಗಳು ಅಜ್ಜನ ಪೆಟ್ಟಿಗೆಯ ತಳದಲ್ಲಿ ಇರುವ ಸಂಭವ ಇಂದಿಗೂ ಇಲ್ಲದಿಲ್ಲ. ಆದರೆ ಮನೆ ಖಾಲಿಮಾಡುವ ದಿನ ಅವು ತೂಕದ ಲೆಕ್ಕದಲ್ಲಿ ಹಳೆಯ ಕಾಗದದವನ ಮೂಟೆಗೆ ಸೇರುತ್ತವೆ. ಮತ್ತೊಂದು ಅನರ್ಥ ಒಳ್ಳೆಯ ಮನಸ್ಸಿನಿಂದ ಆಗುತ್ತದೆ. ರಟ್ಟು ಸಡಿಲವಾಯಿತೆಂದು ಪುಸ್ತಕವನ್ನು ಹೊಸದಾಗಿ ಕಟ್ಟಿಸುತ್ತಾರೆ. ಕಟ್ಟುವವನು ಅಂಚನ್ನು ಸಮಮಾಡುವ ಭರದಲ್ಲಿ, ಹಿಂದೆ ಓದಿದ ಪಂಡಿತನೊಬ್ಬನು ಪಕ್ಕದಲ್ಲಿ ಬರೆದಿದ್ದ ಟಿಪ್ಪಣಿಯನ್ನು ಕತ್ತರಿಸಿಬಿಡುತ್ತಾನೆ. ಒಡೆಯನ ಹೆಸರಿದ್ದ ಮೊದಲ ಹಾಳೆಯನ್ನು ಕೊಳೆಯಾಗಿದೆಯೆಂದು ಎಸೆಯುತ್ತಾನೆ. ಪುಸ್ತಕ ಚೆಂದವಾಯಿತು, ಅದರ ವಂಶಾವಳಿ ಅಳಿಸಿಹೋಯಿತು.

ಮರದ ಸಾಮಾನಿನ ವಿಷಯ ಇನ್ನೂ ಸೂಕ್ಷ್ಮ. ಮರ ಸುಳ್ಳು ಹೇಳುವುದಿಲ್ಲ, ಆದರೆ ಕೇಳುವವನಿಗೆ ಅದರ ಭಾಷೆ ಬರಬೇಕು. ಹಳೆಯ ಬೀರುವನ್ನು ಪರೀಕ್ಷಿಸುವವನು ಮುಂಭಾಗದ ಹೊಳಪನ್ನು ನೋಡುವುದಿಲ್ಲ. ಡ್ರಾಯರನ್ನು ಹೊರಕ್ಕೆಳೆದು ತಿರುವಿ ನೋಡುತ್ತಾನೆ. ಹಲಗೆಗಳ ಮೂಲೆಯಲ್ಲಿ ಒಂದರ ಹಲ್ಲು ಇನ್ನೊಂದರ ಸಂದಿಗೆ ಸೇರುವ ಜೋಡಣೆ ಕೈಕೆಲಸವಾದರೆ ಹಲ್ಲುಗಳು ಒಂದೇ ಅಳತೆಯಾಗಿರುವುದಿಲ್ಲ. ಗರಗಸದ ಗೀರು ನೇರವಾಗಿದ್ದರೆ ಕೈಗರಗಸ. ಕಮಾನಿನಂತೆ ಬಾಗಿದ್ದರೆ ಯಂತ್ರದ ಚಕ್ರಗರಗಸ, ಅಂದರೆ ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನ ಅಥವಾ ಆಮೇಲಿನದು. ತಿರುಪು ಮೊಳೆಯ ತುದಿ ಮೊನಚಾಗಿ ಒಂದೇ ಸಮವಾಗಿದ್ದರೆ ಅದು ಸುಮಾರು 1850ರಿಂದೀಚಿನ ಯಂತ್ರದ್ದು. ಮರವು ವರ್ಷಗಳು ಕಳೆದಂತೆ ಎಳೆಗೆ ಅಡ್ಡವಾಗಿ ಕುಗ್ಗುತ್ತದೆ. ಆದಕಾರಣ ನಿಜವಾಗಿಯೂ ಹಳೆಯದಾದ ದುಂಡುಮೇಜನ್ನು ಅಳೆದರೆ ಅದು ಸ್ವಲ್ಪ ಅಂಡಾಕಾರವಾಗಿರುತ್ತದೆ. ಪೂರ್ಣ ವೃತ್ತವಾಗಿದ್ದರೆ ಅನುಮಾನಪಡಬೇಕು.

ಈ ವ್ಯಾಪಾರದಲ್ಲಿ ಮದುವೆ ಎಂಬ ಒಂದು ಪರಿಭಾಷೆಯಿದೆ. ಒಂದು ಬೀರುವಿನ ಮೇಲುಭಾಗವನ್ನು ಮತ್ತೊಂದು ಮೇಜಿನ ಕೆಳಭಾಗದೊಡನೆ ಕೂಡಿಸಿ ಒಂದೇ ವಸ್ತುವೆಂದು ಮಾರುವುದಕ್ಕೆ ಆ ಹೆಸರು. ಎರಡೂ ಹಳೆಯವೇ ಇರಬಹುದು. ಆದರೂ ಜೋಡಿ ಸುಳ್ಳು. ಹಿಂಭಾಗದ ಹಲಗೆಗಳು ಬೇರೆಯಾಗಿರುವುದರಿಂದ ಗುಟ್ಟು ಬಯಲಾಗುತ್ತದೆ.

ಬೀಟೆಯ ಮರದಲ್ಲಿ ದಂತವನ್ನು ಕೂರಿಸುವ ಕೆಲಸಕ್ಕೆ ಮೈಸೂರು ಹೆಸರಾದುದು. ಅರಮನೆಯ ಅಂಬಾವಿಲಾಸದ ಬಾಗಿಲನ್ನು ನೋಡಿದವರಿಗೆ ಅದನ್ನು ವರ್ಣಿಸಬೇಕಾಗಿಲ್ಲ. ಹದಿನೆಂಟನೆಯ ಶತಮಾನದಲ್ಲಿ ವಿಶಾಖಪಟ್ಟಣದ ಕುಶಲಿಗಳು ಇಂಗ್ಲಿಷರಿಗಾಗಿ ಮಾಡಿಕೊಟ್ಟ ದಂತದ ಸಾಮಾನುಗಳು ಲಂಡನ್ನಿನ ಹರಾಜುಗಳಲ್ಲಿ ಬಹುಕಾಲ ಮೆರೆದುವು. ಈಗ ಕಾಲ ಬದಲಾಗಿದೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯಿದೆಯೂ ಅದರ ತಿದ್ದುಪಡಿಗಳೂ ದಂತದ ವ್ಯಾಪಾರವನ್ನು ನಿಷೇಧಿಸಿವೆ. ಇಂಗ್ಲೆಂಡಿನಲ್ಲಿಯೂ 2018ರ ಕಾಯಿದೆ 2022ರಲ್ಲಿ ಜಾರಿಗೆ ಬಂದು, ಕೆಲವು ವಿನಾಯಿತಿಗಳನ್ನು ಬಿಟ್ಟರೆ ಮಾರಾಟ ನಿಂತಿದೆ. ಆನೆಯ ಪ್ರಾಣ ದೊಡ್ಡದು, ಕಾಯಿದೆ ನ್ಯಾಯವಾದುದೇ. ಆದರೆ ಮಾರಲಾಗದೆಂದು ಹಳೆಯ ಪೆಟ್ಟಿಗೆಯಿಂದ ದಂತವನ್ನು ಕಿತ್ತು ಆ ಗುಳಿಗಳಿಗೆ ಬೇರೆ ಏನನ್ನೋ ತುಂಬಿದರೆ ಸತ್ತ ಆನೆ ಬದುಕುವುದಿಲ್ಲ, ಅಂದಿನ ಕುಶಲಿಯ ಕೆಲಸವೂ ಸಾಯುತ್ತದೆ. ಮಾರದೆ ಮನೆಯಲ್ಲಿಯೇ ಇಟ್ಟುಕೊಳ್ಳುವುದು ಮೇಲು.

ಪಟ, ಪುಸ್ತಕ, ಪೀಠೋಪಕರಣ ಮೂರನ್ನೂ ನೋಡಿದೆವು. ಮೂರಕ್ಕೂ ಹಾನಿ ಒಂದೇ ದಾರಿಯಿಂದ ಬರುತ್ತದೆ: ಇಡಿಯನ್ನು ಬಿಡಿಮಾಡುವುದು. ಇದಕ್ಕೆ ನಮ್ಮ ನಾಡಿನ ಚರಿತ್ರೆಯಲ್ಲಿಯೇ ಒಂದು ದೊಡ್ಡ ನಿದರ್ಶನವುಂಟು. ಅದೂ ಪೀಠೋಪಕರಣವೇ. ಅದು ಟಿಪ್ಪುವಿನ ಸಿಂಹಾಸನ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಗೆದ್ದ ಸೈನ್ಯಕ್ಕೆ ಕೊಳ್ಳೆಯನ್ನು ಹಂಚಿಕೊಡಲು ಅಧಿಕಾರಿಗಳ ಒಂದು ಸಮಿತಿ ಏರ್ಪಟ್ಟಿತು. ಅರಮನೆಯ ಪದಾರ್ಥಗಳು ಪಾಲಾದುವು, ಹರಾಜಾದುವು. ಸಿಂಹಾಸನವು ಮರದ ಮೇಲೆ ಚಿನ್ನದ ತಗಡು ಹೊದಿಸಿದ್ದು. ಮುಂದೆ ದೊಡ್ಡದೊಂದು ಹುಲಿಯ ತಲೆ, ಸುತ್ತಲ ಕಟಾಂಜನದ ಮೇಲೆ ರತ್ನ ಕೆತ್ತಿದ ಎಂಟು ಸಣ್ಣ ಹುಲಿತಲೆಗಳು, ಮೇಲುಕಟ್ಟಿನ ತುದಿಯಲ್ಲಿ ಹುಮಾ ಪಕ್ಷಿ. ಸಿಂಹಾಸನವನ್ನು ಇಡಿಯಾಗಿ ಪಾಲುಮಾಡುವುದು ಹೇಗೆ? ಒಡೆದರು. ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಅದನ್ನು ಇಡಿಯಾಗಿ ತಮ್ಮ ದೊರೆಗೆ ಕಳುಹಿಸಬೇಕೆಂಬ ಇಚ್ಛೆಯಿತ್ತು. ಸುದ್ದಿ ತಿಳಿದು ಅವನು ವಿಷಾದಪಟ್ಟನು; ಆದರೆ ಕೆಲಸ ಕೆಟ್ಟಿತ್ತು. ಹುಮಾ ಪಕ್ಷಿಯೂ ದೊಡ್ಡ ಹುಲಿತಲೆಯೂ ಇಂಗ್ಲೆಂಡಿನ ಅರಸುಮನೆತನದ ಸಂಗ್ರಹಕ್ಕೆ ಸೇರಿದುವು. ಸಣ್ಣ ಹುಲಿತಲೆಗಳು ಚೆದುರಿದುವು. ಮರುವರ್ಷ ಶ್ರೀರಂಗಪಟ್ಟಣಕ್ಕೆ ಬಂದ ಅನ್ನಾ ಟೊನೆಲ್ಲಿ ಎಂಬ ಚಿತ್ರಕಾರ್ತಿ ಸುಲ್ತಾನನು ಆ ಪೀಠದ ಮೇಲೆ ಕುಳಿತಿರುವಂತೆ ಬರೆದಳು. ಆ ವೇಳೆಗೆ ಸುಲ್ತಾನನೂ ಇರಲಿಲ್ಲ, ಪೀಠವೂ ಇರಲಿಲ್ಲ. ಇಂದು ಆ ಸಿಂಹಾಸನದ ಆಕಾರವನ್ನು ನಾವು ತಿಳಿಯಬೇಕಾದುದು ಇಂಥ ಚಿತ್ರಗಳಿಂದ, ಕಂಡವರ ವರ್ಣನೆಗಳಿಂದ.

ಚೆದುರಿದ ಹುಲಿತಲೆಗಳಲ್ಲಿ ಒಂದು 2009ರಲ್ಲಿ ಬಾನಮ್ಸ್ ಹರಾಜಿಗೆ ಬಂದು 3,89,600 ಪೌಂಡುಗಳಿಗೆ ಮಾರಾಟವಾಯಿತು. 2021ರಲ್ಲಿ ಮತ್ತೊಂದು ದೇಶ ಬಿಟ್ಟು ಹೋಗದಂತೆ ಬ್ರಿಟಿಷ್ ಸರ್ಕಾರ ತಾತ್ಕಾಲಿಕ ತಡೆ ಹಾಕಿತು. ಅದಕ್ಕೆ ಕಟ್ಟಿದ್ದ ಬೆಲೆ 15 ಲಕ್ಷ ಪೌಂಡು. 2023ರ ಮೇ ತಿಂಗಳಲ್ಲಿ ಸುಲ್ತಾನನ ಶಯನಗೃಹದ ಕತ್ತಿಯೊಂದು 1 ಕೋಟಿ 40 ಲಕ್ಷ ಪೌಂಡಿಗೂ ಮಿಗಿಲಾದ ಬೆಲೆಗೆ ಹೋಯಿತು. ಅದು ಸೈನ್ಯದ ವತಿಯಿಂದ ಜನರಲ್ ಬೇರ್ಡನಿಗೆ ಉಡುಗೊರೆಯಾಗಿ ಸಂದಿದ್ದ ಕತ್ತಿ. ಯಾರಿಂದ ಯಾರಿಗೆ ಬಂದಿತೆಂಬುದು ಗೊತ್ತಿದ್ದ ಕತ್ತಿ.

ಈ ಅಂಕಿಗಳನ್ನು ಕೇಳಿ ಬೆರಗಾಗುವುದು ಸಹಜ. ಆದರೆ ಅವುಗಳ ಅರ್ಥವನ್ನು ಗಮನಿಸಬೇಕು. ಅಂಗೈಯಗಲದ ಒಂದು ಹುಲಿತಲೆಯಲ್ಲಿರುವ ಚಿನ್ನಕ್ಕೂ ಕಲ್ಲಿಗೂ ಅಷ್ಟು ಹಣ ಯಾರೂ ಕೊಡರು. ಕೊಟ್ಟುದು ಅದು ಆ ಸಿಂಹಾಸನದ್ದೆಂಬ ಕಾರಣಕ್ಕೆ. ಸಿಂಹಾಸನವನ್ನು ಒಡೆದವರು ತುಂಡುಗಳನ್ನು ಚಿನ್ನವೆಂದು ತೂಗಿದರು. ಎರಡು ಶತಮಾನದ ಮೇಲೆ ಕೊಂಡವರು ಅದೇ ತುಂಡನ್ನು ಸಿಂಹಾಸನವೆಂದು ಬೆಲೆ ಕಟ್ಟಿದರು. ಬಿಡಿಗೆ ಬೆಲೆ ಬಂದುದು ಇಡಿಯ ನೆನಪಿನಿಂದ. ಆ ನೆನಪನ್ನು ಉಳಿಸಿದವು ಚಿತ್ರ, ಪತ್ರ, ಪಟ್ಟಿಗಳು. ಅವೂ ಇಲ್ಲದಿದ್ದರೆ ಹುಲಿತಲೆ ಯಾವುದೋ ಅಕ್ಕಸಾಲೆಯ ಮೂಸೆಯಲ್ಲಿ ಕರಗಿಹೋಗುತ್ತಿತ್ತು.

ಅದೇ ಅರಮನೆಯ ಪುಸ್ತಕಗಳ ಗತಿ ಸ್ವಲ್ಪ ಮೇಲಾಯಿತು. ಅಲ್ಲಿ ಸುಮಾರು 2000 ಸಂಪುಟಗಳ ಗ್ರಂಥಭಂಡಾರವಿತ್ತು. ಅದರಲ್ಲಿ ಬಹುಭಾಗ ಸವಣೂರು, ಕಡಪೆ ಮುಂತಾದೆಡೆಗಳಿಂದ ಯುದ್ಧದಲ್ಲಿ ಬಂದದ್ದೆಂದು ಅದರ ಪಟ್ಟಿಯನ್ನು ಮಾಡಿದ ಚಾರ್ಲ್ಸ್ ಸ್ಟೂಯರ್ಟ್ ಹೇಳುತ್ತಾನೆ. ಅಂದರೆ ಕೊಳ್ಳೆಹೋದ ಭಂಡಾರವೂ ಕೊಳ್ಳೆಯಿಂದ ಕೂಡಿದ್ದೇ. ಪುಸ್ತಕಗಳು ಕಲ್ಕತ್ತೆಗೂ ಲಂಡನ್ನಿಗೂ ಹಂಚಿಹೋದುವು. ಆದರೆ ಸ್ಟೂಯರ್ಟನ ವಿವರವಾದ ಪಟ್ಟಿ 1809ರಲ್ಲಿ ಕೇಂಬ್ರಿಡ್ಜಿನಲ್ಲಿ ಅಚ್ಚಾಯಿತು. ಆ ಪಟ್ಟಿಯಿಂದ ಚೆದುರಿದ ಭಂಡಾರವನ್ನು ಮನಸ್ಸಿನಲ್ಲಾದರೂ ಮತ್ತೆ ಒಟ್ಟುಗೂಡಿಸಬಹುದು. ಪಟ್ಟಿಯಾಗಿ ಚೆದುರಿದುದು ಅರ್ಧ ಉಳಿದಂತೆ.

ಪೂರ್ತಿ ಉಳಿದುದರ ಫಲ ಎಂಥದೆಂಬುದಕ್ಕೂ ಮೈಸೂರೇ ಸಾಕ್ಷಿ. 1891ರಲ್ಲಿ ಇಲ್ಲಿ ಪ್ರಾಚ್ಯ ಪುಸ್ತಕಾಲಯ ಸ್ಥಾಪಿತವಾಯಿತು. ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ತಮ್ಮ ಬಳಿಯಿದ್ದ ಒಂದು ಓಲೆಗರಿಯ ಕಟ್ಟನ್ನು ಅದಕ್ಕೆ ಒಪ್ಪಿಸಿದರು. ಹರಾಜಿಲ್ಲ, ಸವಾಲಿಲ್ಲ. ಶಾಮಶಾಸ್ತ್ರಿಗಳು ಅದನ್ನು ಓದಿ ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದರು; 1909ರಲ್ಲಿ ಮೂಲ ಅಚ್ಚಾಯಿತು. ಹೆಸರು ಮಾತ್ರ ಕೇಳಿಬರುತ್ತಿದ್ದ ಒಂದು ಮಹಾಗ್ರಂಥ ಲೋಕದ ಕೈಗೆ ಬಂದಿತು. ಆ ಕಟ್ಟನ್ನು ಯಾರಾದರೂ ಬಿಚ್ಚಿ, ಅಂದವಾದ ಗರಿಗಳನ್ನು ಗಾಜಿನ ಕಟ್ಟಿನಲ್ಲಿಟ್ಟು ಒಂದೊಂದಾಗಿ ಮಾರಿದ್ದರೆ?

ಹರಾಜೇ ಕೆಟ್ಟದ್ದೆಂದು ಇದರಿಂದ ತಿಳಿಯಬಾರದು. ಕತ್ತಲೆಯ ಕೊಠಡಿಯಲ್ಲಿದ್ದ ವಸ್ತುವನ್ನು ಅದು ಬೆಳಕಿಗೆ ತರುತ್ತದೆ. ತಿಳಿದವರಿಂದ ಪರೀಕ್ಷೆ ಮಾಡಿಸುತ್ತದೆ. ವರ್ಣನೆಯನ್ನು ಅಚ್ಚುಮಾಡಿ ಉಳಿಸುತ್ತದೆ. ಎಷ್ಟೋ ಸಂಗ್ರಹಗಳಿಗೆ ಹರಾಜಿನ ಪಟ್ಟಿಯೇ ಉಳಿದಿರುವ ಚರಿತ್ರೆ. ಕೊಡತಿಗೆ ಕಣ್ಣಿಲ್ಲ; ಅದು ಬೀಳುವ ಮೊದಲು ನೋಡುವ ಕೆಲಸ ನಮ್ಮದು.

ಆದಕಾರಣ ಮನೆಯಲ್ಲಿ ಹಳೆಯ ವಸ್ತುಗಳಿರುವವರಿಗೆ ನಾಲ್ಕು ಮಾತು. ಪುಸ್ತಕದಿಂದ ಪಟವನ್ನು ತೆಗೆಯಬೇಡಿ, ಜೋಡಿಯನ್ನು ಅಗಲಿಸಬೇಡಿ. ಹಳೆಯ ಮರವನ್ನು ಹೆರೆಸಿ ಹೊಸ ಹೊಳಪು ಕೊಡಿಸುವ ಆತುರ ಬೇಡ. ಕಾಲ ಕೊಟ್ಟ ಬಣ್ಣವನ್ನು ಯಾವ ಬಡಗಿಯೂ ಮತ್ತೆ ಕೊಡಲಾರ. ಎರಡನೆಯದಾಗಿ, ಪ್ರತಿಯೊಂದು ವಸ್ತುವೂ ಯಾರಿಂದ, ಯಾವಾಗ, ಹೇಗೆ ಬಂದಿತೆಂಬುದನ್ನು ಒಂದು ಕಾಗದದಲ್ಲಿ ಬರೆದು ಅದರೊಡನೆ ಇಡಿ. ಮನೆಯ ಹಿರಿಯರು ಇರುವಾಗಲೇ ಕೇಳಿ ಬರೆಯಬೇಕು. ಮೂರನೆಯದಾಗಿ, ಮಾರಲೇಬೇಕಾದರೆ ಕಾಯಿದೆಯನ್ನು ತಿಳಿಯಿರಿ. 1972ರಲ್ಲಿ ಅಂಗೀಕೃತವಾಗಿ 1976ರಿಂದ ಜಾರಿಯಲ್ಲಿರುವ ಪ್ರಾಚೀನ ವಸ್ತುಗಳ ಕಾಯಿದೆಯಂತೆ ನೂರು ವರ್ಷಕ್ಕೆ ಕಡಿಮೆಯಿಲ್ಲದ ಕಲಾವಸ್ತುಗಳನ್ನೂ, ಎಪ್ಪತ್ತೈದು ವರ್ಷಕ್ಕೆ ಕಡಿಮೆಯಿಲ್ಲದ ಮಹತ್ವದ ಹಸ್ತಪ್ರತಿಗಳನ್ನೂ ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಅವುಗಳ ವ್ಯಾಪಾರಕ್ಕೆ ಲೈಸೆನ್ಸು ಬೇಕು. ಕೊನೆಯದಾಗಿ, ಮಾರುವ ಅಗತ್ಯವಿಲ್ಲದಿದ್ದರೆ, ಇಟ್ಟುಕೊಳ್ಳುವ ಸ್ಥಳವೂ ಇಲ್ಲದಿದ್ದರೆ, ಹತ್ತಿರದ ಒಳ್ಳೆಯ ಪುಸ್ತಕಾಲಯವನ್ನೋ ವಸ್ತುಸಂಗ್ರಹಾಲಯವನ್ನೋ ವಿಚಾರಿಸಿ.

ಕೊಳ್ಳುವವರಿಗೆ ಒಂದೇ ಮಾತು. ಬಿಡಿ ಹಾಳೆಯನ್ನು ಅಗ್ಗವೆಂದು ಕೊಳ್ಳುವಾಗ ಅದು ಇತ್ತೀಚೆಗೆ ಹರಿದದ್ದೇ ಎಂದು ಅಂಗಡಿಯವನನ್ನು ಕೇಳಿ. ಕೊಳ್ಳುವವರಿಲ್ಲದಿದ್ದರೆ ಹರಿಯುವವರೂ ಇರುವುದಿಲ್ಲ. ಶ್ರೀರಂಗಪಟ್ಟಣದಲ್ಲಿ ಒಡೆದದ್ದನ್ನು ಮತ್ತೆ ಕೂಡಿಸುವುದು ನಮ್ಮ ಕೈಯಲ್ಲಿಲ್ಲ. ನಮ್ಮ ನಮ್ಮ ಮನೆಗಳಲ್ಲಿ ಇನ್ನೂ ಒಡೆಯದೆ ಇರುವುದನ್ನು ಒಡೆಯದಂತೆ ಕಾಯುವುದು ನಮ್ಮ ಕೈಯಲ್ಲಿದೆ.